ಸದ್ದು ಅವರದು, ಖರ್ಚು ನಮ್ಮದು

ಸದ್ದು ಮಾಡುವುದಕ್ಕೆ ಈ ದೇಶದಲ್ಲಿ ಒಂದು ಪೈಸೆ ಖರ್ಚಿಲ್ಲ. ಆ ಸದ್ದು ಕೇಳಿಸಿಕೊಳ್ಳದೆ ಇರುವುದಕ್ಕೆ ಮೂವತ್ತು ಸಾವಿರ. ಇಎಂಐ ಸೌಲಭ್ಯ ಉಂಟು.

ಒಳ್ಳೆಯ ಹೆಡ್‌ಫೋನಿನ ಬೆಲೆ ಅದು. ಹೊರಗಿನ ಗದ್ದಲವನ್ನು ತಾನೇ ನುಂಗಿಹಾಕುವ ಜಾತಿಯದ್ದು. ಪಕ್ಕದ ಸೀಟಿನವನು ಅಗ್ಗದ ಡೇಟಾದಲ್ಲಿ ರೀಲ್ಸ್ ನೋಡುತ್ತಾನೆ. ಅದು ನನ್ನ ಕಿವಿಗೆ ಬೀಳದಿರಲಿ ಅಂದರೆ ನಾನು ಮನೆಬಾಡಿಗೆಯಷ್ಟು ದುಡ್ಡು ಸುರಿಯಬೇಕು. ಇದಕ್ಕೆ ಪ್ರಗತಿ ಅನ್ನುತ್ತಾರೆ.

ಬೆಂಗಳೂರಿನಿಂದ ರಾತ್ರಿ ಹೊರಡುವ ಯಾವ ಬಸ್ಸನ್ನಾದರೂ ಹತ್ತಿ ನೋಡಿ. ಮುಂದಿನ ಸೀಟಿನಲ್ಲಿ ಕ್ರಿಕೆಟ್ ಹೈಲೈಟ್ಸ್. ಅದೇ ಸಿಕ್ಸರ್, ಮತ್ತೆ ಮತ್ತೆ. ಹಿಂದೆ ಧಾರಾವಾಹಿಯ ಸೊಸೆ ಅಳುತ್ತಿದ್ದಾಳೆ. ಪಕ್ಕದವರಿಗೆ ಯಾವ ವಿಡಿಯೋ ಕೂಡ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅರ್ಧ ಹಾಡು, ಅರ್ಧ ಜೋಕು, ಅರ್ಧ ಪ್ರವಚನ. ಮೇಲಿನ ಬರ್ತಿನಿಂದ ವಿಡಿಯೋ ಕಾಲ್. "ಊಟ ಆಯ್ತಾ? ಏನ್ ಸಾರು?" ಹುರುಳಿ ಸಾರು ಅಂತ ಇಡೀ ಬಸ್ಸಿಗೆ ತಿಳಿಯುತ್ತದೆ. ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಅಂತಲೂ.

ಕೇಳಿಕೊಳ್ಳಬಹುದಲ್ಲ, ಅನ್ನುತ್ತೀರಿ. "ಸಾರ್, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ?"

ಉತ್ತರಗಳು ಮೊದಲೇ ಅಚ್ಚಾಗಿ ಬಂದಿವೆ. "ನಾನೂ ದುಡ್ಡು ಕೊಟ್ಟೇ ಹತ್ತಿರೋದು." "ಅಷ್ಟೊಂದು ತೊಂದ್ರೆ ಆದ್ರೆ ಕಾರ್ ಮಾಡ್ಕೊಂಡು ಹೋಗಿ." "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." "ನಿಮಗೊಬ್ರಿಗೇ ಯಾಕೆ ಪ್ರಾಬ್ಲಮ್? ಬೇರೆ ಯಾರೂ ಮಾತಾಡ್ತಿಲ್ವಲ್ಲ?"

ಕೊನೆಯ ಮಾತು ನಿಜ. ಬೇರೆ ಯಾರೂ ಮಾತಾಡುತ್ತಿಲ್ಲ. ಇಷ್ಟು ಹೊತ್ತು ಹಲ್ಲು ಕಡಿಯುತ್ತಿದ್ದವರೆಲ್ಲ ಆ ಕ್ಷಣಕ್ಕೆ ಸರಿಯಾಗಿ ಗಾಢ ನಿದ್ರೆಗೆ ಜಾರಿರುತ್ತಾರೆ. ಜಗಳ ಮುಗಿದ ಮೇಲೆ ಒಬ್ಬರು ಕಣ್ಣು ಬಿಟ್ಟು ಪಿಸುಗುಡುತ್ತಾರೆ. "ಒಳ್ಳೆ ಕೆಲಸ ಮಾಡಿದ್ರಿ ಸಾರ್."

ಕಾನೂನು ಇಲ್ಲವೇ? ಧಾರಾಳವಾಗಿ ಇದೆ. 2021ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು, ಸಾರಿಗೆ ಬಸ್ಸುಗಳಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಹಾಡು, ವಿಡಿಯೋ ಕೇಳಿಸಬಾರದು ಎಂದಿತು. ಕೆಎಸ್‌ಆರ್‌ಟಿಸಿ ಸುತ್ತೋಲೆ ಹೊರಡಿಸಿತು. ಸಿಬ್ಬಂದಿ ಮೊದಲು ವಿನಂತಿಸಬೇಕು. ಕೇಳದಿದ್ದರೆ ಇಳಿಸಬಹುದು. ಟಿಕೆಟ್ ದುಡ್ಡು ವಾಪಸ್ ಇಲ್ಲ.

ಓದುವುದಕ್ಕೆ ಚೆನ್ನಾಗಿದೆ. ಈಗ ಕಂಡಕ್ಟರನ ಜಾಗದಲ್ಲಿ ನಿಂತು ನೋಡಿ. ನಡುರಾತ್ರಿ. ಶಿರಾ ದಾಟಿದೆ. ಹೆದ್ದಾರಿಯಲ್ಲಿ ಒಬ್ಬನನ್ನು ಇಳಿಸಬೇಕು. ಆತ ಎಂಎಲ್‌ಎ ಹೆಸರು ಹೇಳುತ್ತಾನೆ. ಇನ್ನೊಬ್ಬ ಫೋನ್ ಎತ್ತಿ ಚಿತ್ರೀಕರಣ ಶುರು ಮಾಡುತ್ತಾನೆ. ಬೆಳಗಾಗುವಷ್ಟರಲ್ಲಿ ಅದು 'ಕಂಡಕ್ಟರ್ ದರ್ಪ' ಅನ್ನುವ ಹೆಸರಿನಲ್ಲಿ ರಾಜ್ಯವೆಲ್ಲ ಸುತ್ತುತ್ತದೆ. ಜನ ಅದನ್ನು ಬೇರೆ ಬೇರೆ ಬಸ್ಸುಗಳಲ್ಲಿ ಕೂತು, ಸ್ಪೀಕರ್ ಹಾಕಿಕೊಂಡು ನೋಡುತ್ತಾರೆ.

ರೈಲಿನಲ್ಲಿ ರಾತ್ರಿ ಹತ್ತರ ನಂತರ ಜೋರಾಗಿ ಹಾಡು ಹಾಕಬಾರದು, ಗಟ್ಟಿಯಾಗಿ ಮಾತಾಡಬಾರದು ಎಂಬ ನಿಯಮವಿದೆ. ಮೆಟ್ರೋದಲ್ಲಿ ಇತರರಿಗೆ ಕಿರಿಕಿರಿ ಮಾಡಿದರೆ 2002ರ ಕಾಯ್ದೆಯ ಪ್ರಕಾರ 500 ರೂಪಾಯಿವರೆಗೆ ದಂಡ. ಐನೂರು! ಮಾಲ್‌ನಲ್ಲಿ ಪಾಪ್‌ಕಾರ್ನ್ ತಿಂದು ಬಂದವನು ಹೆದರಿ ನಡುಗಬೇಕಾದ ಮೊತ್ತ.

ಹೀಗಾಗಿ ನಾವು ಯಂತ್ರಗಳ ಕಡೆ ತಿರುಗಿದೆವು. ಮನುಷ್ಯನಿಗೆ ಹೇಳಲಾಗದ್ದನ್ನು ಯಂತ್ರ ಹೇಳಲಿ ಎಂದು. ಆಸೆ ದೊಡ್ಡದು. ಆದರೆ ಈ ಯಂತ್ರಗಳನ್ನೆಲ್ಲ ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ಒಂದಕ್ಕಾದರೂ ಗುರಿ ನೆಟ್ಟಗಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಇವು ಎಲೆಕ್ಟ್ರಾನಿಕ್ ಆಗಿ ಮಾಡುತ್ತವೆ, ಅಷ್ಟೆ.

ಹೆಡ್‌ಫೋನಿನಿಂದಲೇ ಶುರು ಮಾಡೋಣ. ಹೊರಗಿನ ಶಬ್ದದ ಅಲೆಗೆ ತದ್ವಿರುದ್ಧ ಅಲೆಯೊಂದನ್ನು ಹುಟ್ಟಿಸಿ ಎರಡನ್ನೂ ಕೂಡಿಸಿ ಸೊನ್ನೆ ಮಾಡುವ ಉಪಾಯಕ್ಕೆ ಪಾಲ್ ಲ್ಯೂಗ್ ಎಂಬ ಜರ್ಮನ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಬೋಸ್ ಕಂಪನಿಯ ಅಮರ್ ಬೋಸ್ ಅವರಿಗೆ ಅದನ್ನು ಹೆಡ್‌ಫೋನಿನೊಳಗೆ ಕೂರಿಸುವ ಯೋಚನೆ ಬಂದದ್ದು 1978ರಲ್ಲಿ, ವಿಮಾನ ಪ್ರಯಾಣದಲ್ಲಿ. ತಂದೆ ಬ್ರಿಟಿಷರ ಕಾಟ ತಾಳದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. ಮಗ ಎಂಜಿನ್ನಿನ ಕಾಟ ತಾಳದೆ ವಿಮಾನದಲ್ಲೇ ಕೂತು ಲೆಕ್ಕ ಬರೆದರು.

ಎಂಜಿನ್ನಿನ ಕಾಟ. ಅದೇ ಎಡವಟ್ಟು. ಒಂದೇ ಸಮನೆ ಗುಂಯ್ಗುಡುವ ತಗ್ಗು ಸದ್ದನ್ನು ಈ ಹೆಡ್‌ಫೋನ್ ಸಲೀಸಾಗಿ ನುಂಗುತ್ತದೆ. ಏರಿಳಿಯುವ, ಕಿರುಚುವ, ಥಟ್ಟನೆ ಎದ್ದು ಬರುವ ಮನುಷ್ಯರ ದನಿಯ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಮೊದಲಾದರೆ ಬಸ್ಸಿನ ಎಂಜಿನ್ ಹುರುಳಿ ಸಾರಿನ ಕಥೆಯನ್ನು ಸ್ವಲ್ಪವಾದರೂ ಮುಚ್ಚಿಹಾಕುತ್ತಿತ್ತು. ಈಗ ಎಂಜಿನ್ ಮಾಯ. ಸಾರು ಸ್ಪಷ್ಟ.

ಇತ್ತ ಸದ್ದು ಮಾಡುವವನ ಕಡೆ ಏನಾಯಿತು ನೋಡಿ. 2016ರಲ್ಲಿ ಆಪಲ್ ಕಂಪನಿ ತನ್ನ ಫೋನಿನಲ್ಲಿದ್ದ ಇಯರ್‌ಫೋನ್ ಚುಚ್ಚುವ ತೂತನ್ನೇ ಮುಚ್ಚಿತು. ವೇದಿಕೆಯ ಮೇಲೆ ನಿಂತು ಅದನ್ನು ಧೈರ್ಯ ಎಂದು ಕರೆದುಕೊಂಡಿತು. 2020ರಲ್ಲಿ ಡಬ್ಬಿಯೊಳಗಿನ ಇಯರ್‌ಫೋನನ್ನೂ ಕಿತ್ತುಕೊಂಡಿತು. ಕಾರಣ, ಪರಿಸರ ಕಾಳಜಿ. ಉಳಿದ ಕಂಪನಿಗಳು ಮೊದಲು ಗೇಲಿ ಮಾಡಿದವು, ಆಮೇಲೆ ನಕಲು ಮಾಡಿದವು. ತೂತು ಹೋಯಿತು. ಸ್ಪೀಕರ್ ಒಂದಿದ್ದದ್ದು ಎರಡಾಯಿತು. ಪರಿಸರ ಉಳಿಯಿತು, ಬಸ್ಸಿನೊಳಗಿನದೊಂದು ಬಿಟ್ಟು.

ಸ್ಪೀಕರನ್ನು ದೊಡ್ಡದು ಮಾಡಿ ಪಕ್ಕದ ಸೀಟಿನವನಿಗೆ ಮಾರುವುದೂ ಇದೇ ಕಂಪನಿಗಳು. ಆ ಸ್ಪೀಕರಿನಿಂದ ತಪ್ಪಿಸಿಕೊಳ್ಳುವ ಹೆಡ್‌ಫೋನನ್ನು ನನಗೆ ಮಾರುವುದೂ ಇವೇ. ಮಧ್ಯದಲ್ಲಿ ನಾವಿಬ್ಬರು ಸೀಟಿಗಾಗಿ ಮೊಣಕೈ ತಿಕ್ಕಾಡುತ್ತೇವೆ.

ಇನ್ನು ದಾಳಿಯ ಯಂತ್ರಗಳು. 2012ರಲ್ಲಿ ಜಪಾನಿನ ಕಜುತಾಕ ಕುರಿಹಾರ ಮತ್ತು ಕೋಜಿ ಸುಕಾದ ಎಂಬ ಇಬ್ಬರು ಸಂಶೋಧಕರು 'ಸ್ಪೀಚ್ ಜಾಮರ್' ಎಂಬ ಬಂದೂಕಿನಂಥ ಸಾಧನ ಮಾಡಿದರು. ಮಾತಾಡುವವನ ಕಡೆ ಗುರಿ ಹಿಡಿದರೆ ಆಯಿತು. ಅವನ ಮಾತೇ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಅವನ ಕಿವಿಗೆ ವಾಪಸ್ ಬರುತ್ತದೆ. ಮಿದುಳು ತಬ್ಬಿಬ್ಬಾಗುತ್ತದೆ. ನಾಲಿಗೆ ತೊಡರುತ್ತದೆ. ಮಾತು ನಿಲ್ಲುತ್ತದೆ. ನೋವಿಲ್ಲ, ಗಾಯವಿಲ್ಲ. ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಅದಕ್ಕೆ ಸಿಕ್ಕಿತು.

ನನಗೆ ಒಂದು ಡಜನ್ ಬೇಕು ಅನ್ನಿಸಿತ್ತು. ಆಮೇಲೆ ಅವರ ಪ್ರಯೋಗದ ವಿವರ ಓದಿದೆ. ಬರೆದದ್ದನ್ನು ಗಟ್ಟಿಯಾಗಿ ಓದುವವರ ಮೇಲೆ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದಂತೆ. ಮನಸ್ಸಿಗೆ ಬಂದದ್ದನ್ನು ಆಡುವವರ ಮೇಲೆ ಅಷ್ಟಾಗಿ ಇಲ್ಲ. ಅರ್ಥವಿಲ್ಲದೆ 'ಆ...' ಎಂದು ಎಳೆಯುವವರ ಮೇಲೆ ಪರಿಣಾಮ ಸೊನ್ನೆ. ಅರ್ಥವಿಲ್ಲದ ಸದ್ದಿಗೆ ನಾಟುವುದಿಲ್ಲ! ಹಾಗಾದರೆ ನಮ್ಮಲ್ಲಿ ಅದನ್ನು ಯಾರ ಮೇಲೆ ಹಿಡಿಯಬೇಕು?

ಇನ್ನೊಂದು ತೊಡಕೂ ಇದೆ. ತನ್ನ ದನಿ ತನಗೇ ತಡವಾಗಿ ಕೇಳಿಸಿದರೆ ಜಪಾನಿನವನು ಗಾಬರಿಯಾಗಿ ನಿಲ್ಲಿಸುತ್ತಾನೆ. ನಮ್ಮವನು ನೆಟ್‌ವರ್ಕ್ ಸರಿಯಿಲ್ಲ ಅಂದುಕೊಳ್ಳುತ್ತಾನೆ. ಎದ್ದು ನಿಲ್ಲುತ್ತಾನೆ. ದನಿ ಎರಡು ಪಟ್ಟು ಏರಿಸುತ್ತಾನೆ. "ಹಲೋ! ಕೇಳಿಸ್ತಾ ಇದ್ಯಾ? ಹಲೋ!" ಮೂವತ್ತು ವರ್ಷದ ಕೆಟ್ಟ ಸಿಗ್ನಲ್ ಈ ಜನಾಂಗಕ್ಕೆ ಹಾಕಿಸಿದ ಲಸಿಕೆ ಅದು. ಯಾವ ಬಂದೂಕಿಗೂ ಜಗ್ಗುವುದಿಲ್ಲ.

ವೇಲ್ಸ್‌ನ ಹೋವರ್ಡ್ ಸ್ಟೇಪಲ್ಟನ್ 2005ರಲ್ಲಿ 'ಮಸ್ಕಿಟೋ' ಎಂಬ ಪೆಟ್ಟಿಗೆ ಕಂಡುಹಿಡಿದ. ಅಂಗಡಿ ಮುಂದೆ ಗುಂಪುಗಟ್ಟಿ ಗಲಾಟೆ ಮಾಡುವ ಹುಡುಗರನ್ನು ಓಡಿಸಲು. ಅದು ಸುಮಾರು 17.4 ಕಿಲೋಹರ್ಟ್ಸ್‌ನ ಚುಚ್ಚು ಸದ್ದು ಹೊರಡಿಸುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಆ ಎತ್ತರದ ದನಿಗಳನ್ನೇ. ಹಾಗಾಗಿ ಇಪ್ಪತ್ತೈದು ದಾಟದವರಿಗೆ ಹಿಂಸೆ, ದೊಡ್ಡವರಿಗೆ ನಿಶ್ಶಬ್ದ. ಇದಕ್ಕೂ ಇಗ್ ನೊಬೆಲ್ ಬಂತು. ಶಾಂತಿ ವಿಭಾಗದಲ್ಲಿ! ಹುಡುಗರು ಸುಮ್ಮನಿರುತ್ತಾರೆಯೇ? ಅದೇ ಸದ್ದನ್ನು ಮೇಷ್ಟ್ರ ಕಿವಿಗೆ ಬೀಳದ ರಿಂಗ್‌ಟೋನ್ ಮಾಡಿಕೊಂಡು ತರಗತಿಯೊಳಗೆ ತಂದರು.

ಅದನ್ನು ನಮ್ಮ ಬಸ್ಸಿಗೆ ತಂದು ಹಚ್ಚಿದರೆ? ತೊಡೆಯ ಮೇಲೆ ಮಲಗಿದ ಕೂಸು ಕಿಟಾರನೆ ಕಿರುಚುತ್ತದೆ. ಸ್ಪೀಕರಿನಲ್ಲಿ ರಾಜಕೀಯ ವಿಶ್ಲೇಷಣೆ ಕೇಳುತ್ತಿರುವ ಅರವತ್ತರ ಅಂಕಲ್‌ಗೆ ಏನೂ ಕೇಳಿಸುವುದಿಲ್ಲ. ಅವರು ತಲೆಯೆತ್ತಿ ತಾಯಿಗೆ ಬುದ್ಧಿ ಹೇಳುತ್ತಾರೆ. "ಏನಮ್ಮಾ, ಮಗೂನ ಸ್ವಲ್ಪ ಸುಮ್ಮನಿರಿಸ್ಬಾರ್ದಾ? ವಿಡಿಯೋ ಕೇಳಿಸ್ತಾ ಇಲ್ಲ."

ಹೋಗಲಿ, ಸಿಗ್ನಲ್ಲನ್ನೇ ಕತ್ತರಿಸಿಬಿಡೋಣ ಅನ್ನುವ ಉಗ್ರಗಾಮಿಗಳೂ ನಮ್ಮ ನಡುವೆ ಇದ್ದಾರೆ. ಮೊಬೈಲ್ ಜಾಮರ್. ಕೇಂದ್ರದ ಅನುಮತಿಯಿಲ್ಲದೆ ಅದನ್ನು ಮಾರುವುದೂ ಬಳಸುವುದೂ ಅಪರಾಧ. ಅಮೆರಿಕದಲ್ಲೂ ಅಷ್ಟೆ. ಕಾರು ಓಡಿಸುತ್ತಾ ಫೋನಿನಲ್ಲಿ ಹರಟುವವರ ಮೇಲೆ ಸಿಟ್ಟಿಗೆದ್ದ ಫ್ಲಾರಿಡಾದ ಒಬ್ಬಾತ ತನ್ನ ಕಾರಿನಲ್ಲಿ ಜಾಮರ್ ಇಟ್ಟುಕೊಂಡು ಹೆದ್ದಾರಿಯಲ್ಲಿ ದಿನವೂ ಓಡಾಡಿದ. ಅಲ್ಲಿನ ಸಂವಹನ ಆಯೋಗ ಅವನಿಗೆ ಹಾಕಿದ ದಂಡ 48,000 ಡಾಲರ್. ಹರಟಿದವರಿಗೆ ಆದ ದಂಡ ಸೊನ್ನೆ.

ನಮ್ಮ ಸರ್ಕಾರದ ಹತ್ತಿರವೂ ಜಾಮರ್ ಇದೆ. ಎಲ್ಲಿ? ಪರಪ್ಪನ ಅಗ್ರಹಾರದ ಜೈಲಿನಲ್ಲಿ. ಫಲಿತಾಂಶ ಏನು? ಜೈಲಿನ ಸುತ್ತಮುತ್ತಲ ಬಡಾವಣೆಯವರು ನಮ್ಮ ಫೋನ್ ಕೆಲಸ ಮಾಡುತ್ತಿಲ್ಲ ಎಂದು ಅರ್ಜಿ ಹಿಡಿದು ಅಲೆದರು. ಯುಪಿಐ ಹೋಗುತ್ತಿಲ್ಲ, ಓಟಿಪಿ ಬರುತ್ತಿಲ್ಲ, ಆಟೋ ಬುಕ್ ಆಗುತ್ತಿಲ್ಲ. ಅದೇ ಹೊತ್ತಿಗೆ, 2024ರಲ್ಲಿ, ಜೈಲಿನೊಳಗಿಂದ ಮಾಡಿದ ವಿಡಿಯೋ ಕಾಲ್ ಇಡೀ ರಾಜ್ಯದ ಟೀವಿಗಳಲ್ಲಿ ಓಡಿತು. ಚಿತ್ರ ಸ್ಪಷ್ಟವಾಗಿತ್ತು. ಒಂದು ಕಡೆಯೂ ಕಟ್ ಆಗಲಿಲ್ಲ. ಅಪರಾಧವಿಲ್ಲದೆ ಹೊರಗಿದ್ದವನಿಗೆ ಸಿಗ್ನಲ್ ಇಲ್ಲ, ಆರೋಪ ಹೊತ್ತು ಒಳಗಿದ್ದವನಿಗೆ ಎಲ್ಲ ಕಡ್ಡಿಗಳೂ ಫುಲ್.

ರಸ್ತೆಗೆ ಬನ್ನಿ. ಮುಂಬೈ ಟ್ರಾಫಿಕ್ ಪೊಲೀಸರು 2020ರ ಆರಂಭದಲ್ಲಿ 'ಪನಿಶಿಂಗ್ ಸಿಗ್ನಲ್' ಎಂಬ ಪ್ರಯೋಗದ ವಿಡಿಯೋ ಬಿಟ್ಟರು. ಕೆಂಪು ದೀಪದಲ್ಲಿ ನಿಂತವರ ಹಾರ್ನು 85 ಡೆಸಿಬೆಲ್ ದಾಟಿದರೆ ಸಿಗ್ನಲ್ಲಿನ ಎಣಿಕೆ ಮತ್ತೆ ಮೊದಲಿನಿಂದ. ಇನ್ನೂ ಹಾರ್ನ್ ಮಾಡು, ಇನ್ನೂ ಕಾಯಿ. ದೇಶ ಚಪ್ಪಾಳೆ ತಟ್ಟಿತು. ಬೆಂಗಳೂರಿಗೂ ಬೇಕು ಅಂದೆವು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಇನ್ನೂ ಹೆಚ್ಚು ಕಾಯಬೇಕು ಎಂದು ತಾವಾಗಿ ಬೇಡಿಕೊಂಡ ಜನ ಚರಿತ್ರೆಯಲ್ಲಿ ನಾವೊಬ್ಬರೇ ಇರಬೇಕು.

ಚಪ್ಪಾಳೆ ನಿಂತ ಮೇಲೆ ಯೋಚಿಸಿ. ಹಾರ್ನ್ ಹೊಡೆದವನು ಕಾಯುತ್ತಾನೆ, ಸರಿ. ಹೊಡೆಯದವನು? ಅವನೂ ಕಾಯುತ್ತಾನೆ. ಸೈಕಲ್‌ನವನೂ ಕಾಯುತ್ತಾನೆ. ಮಗುವನ್ನು ಶಾಲೆಗೆ ಬಿಡಬೇಕಾದ ತಾಯಿಯೂ ಕಾಯುತ್ತಾಳೆ. ಒಬ್ಬ ಪೋಕರಿಗಾಗಿ ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರ ನ್ಯಾಯ ಇದು. ಪೋಕರಿಗೆ ಅದರಿಂದ ಯಾವತ್ತಾದರೂ ನಾಚಿಕೆಯಾದದ್ದುಂಟೇ? ಬೆಂಚಿನ ಮೇಲಿಂದ ನೋಟ ಚೆನ್ನಾಗಿ ಕಾಣುತ್ತದೆ ಅವನಿಗೆ.

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರ ಪರಿಹಾರ ಇನ್ನೂ ಮಧುರ. 2021ರಲ್ಲಿ ಹೇಳಿದರು, 2025ರಲ್ಲಿ ಮತ್ತೊಮ್ಮೆ ಹೇಳಿದರು. ವಾಹನಗಳ ಹಾರ್ನಿಗೆ ಕೊಳಲು, ತಬಲ, ಪಿಟೀಲು, ಹಾರ್ಮೋನಿಯಂನಂಥ ಭಾರತೀಯ ವಾದ್ಯಗಳ ನಾದ ಇರುವಂತೆ ಕಾನೂನು ತರುವ ಯೋಚನೆ ತಮಗಿದೆ ಎಂದು. ಸಂಜೆ ಆರೂವರೆ. ಸಿಲ್ಕ್ ಬೋರ್ಡ್. ಸಾವಿರ ಕೊಳಲು, ಐನೂರು ತಬಲ, ನೂರು ಹಾರ್ಮೋನಿಯಂ. ಒಬ್ಬೊಬ್ಬರದು ಒಂದೊಂದು ಶ್ರುತಿ. ಹಿಂದಿನಿಂದ ಟಿಪ್ಪರ್ ಲಾರಿ ಪಿಟೀಲು ಬಾರಿಸುತ್ತಾ ಮೈಮೇಲೆ ಬರುತ್ತದೆ. ಸಾಯುವ ಮುನ್ನ ಕಛೇರಿ ಉಚಿತ.

ಒಂದೇ ಒಂದು ಪ್ರಯೋಗ ಮಾತ್ರ ಸರಿಯಾದ ಕಿವಿಗೆ ತಲುಪಿತು. ಅದರಲ್ಲಿ ಯಂತ್ರವೇ ಇರಲಿಲ್ಲ. 2025ರ ಆರಂಭದಲ್ಲಿ ಕರ್ನಾಟಕದ ಟ್ರಾಫಿಕ್ ಪೊಲೀಸರೊಬ್ಬರು ಕರ್ಕಶ ಹಾರ್ನ್ ಹಾಕಿಸಿಕೊಂಡಿದ್ದ ಬಸ್ ಚಾಲಕರನ್ನು ಕೆಳಗಿಳಿಸಿ, ಅವರದೇ ಬಸ್ಸಿನ ಮುಂದೆ ಕೂರಿಸಿ, ಅವರದೇ ಹಾರ್ನನ್ನು ಅವರಿಗೇ ಕೇಳಿಸಿದ ವಿಡಿಯೋ ಹರಿದಾಡಿತು. ಚಾಲಕರು ಮುಖ ಕಿವುಚಿದರು. ಕಾಯ್ದೆಯ ಯಾವ ಕಲಮಿನಲ್ಲೂ ಈ ಶಿಕ್ಷೆ ಇರಲಿಕ್ಕಿಲ್ಲ. ಮಾನವ ಹಕ್ಕಿನವರು ಕ್ಷಮಿಸಲಿ, ನಾನು ಆ ವಿಡಿಯೋವನ್ನು ತೃಪ್ತಿಯಾಗುವಷ್ಟು ನೋಡಿದೆ. ಇಯರ್‌ಫೋನ್ ಹಾಕಿಕೊಂಡು.

ಸರ್ಕಾರಕ್ಕೆ ಸದ್ದಿನ ಅರಿವಿಲ್ಲ ಎಂದು ಯಾರೂ ದೂರುವಂತಿಲ್ಲ. ಅದರ ಹತ್ತಿರ ಲೆಕ್ಕ ಪಕ್ಕಾ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50, ರಾತ್ರಿ 40. ಅಳೆಯುವುದಕ್ಕೆ 2011ರಿಂದ ಏಳು ಮಹಾನಗರಗಳಲ್ಲಿ ಯಂತ್ರ ನೆಟ್ಟಿದ್ದಾರೆ. ಬೆಂಗಳೂರಿಗೆ ಹತ್ತು ಬಂದಿವೆ. ಅವುಗಳಲ್ಲೊಂದು ನಿಮ್ಹಾನ್ಸ್ ಬಳಿ. ಮನಸ್ಸು ನೊಂದವರು ಮಲಗಿರುವ ಜಾಗದಲ್ಲಿ ಮಿತಿ ಮೀರಿದ ಸದ್ದನ್ನು ಆ ಯಂತ್ರ ಹಗಲಿರುಳು, ಒಂದು ದಿನವೂ ಬೇಸರಿಸದೆ ಬರೆದುಕೊಳ್ಳುತ್ತದೆ. ವರದಿಯಾಗುತ್ತದೆ. ಪತ್ರಿಕೆಯಲ್ಲಿ ಬರುತ್ತದೆ. ಮರುದಿನ ಮತ್ತೆ ಬರೆದುಕೊಳ್ಳುತ್ತದೆ.

ಅದು ಕಿವಿ ಮಾತ್ರ. ಬಾಯಿ ಕೊಟ್ಟಿಲ್ಲ. ಕೈಯಂತೂ ಇಲ್ಲವೇ ಇಲ್ಲ.

ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ನಿಷಿದ್ಧ. 2005ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಲಾಹೋಟಿಯವರ ಪೀಠ ಅದನ್ನು ಗಟ್ಟಿಮಾಡಿ ಹೇಳಿತು. ಇಷ್ಟವಿಲ್ಲದ್ದನ್ನು ಕೇಳಿಸಿಕೊಳ್ಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಇಪ್ಪತ್ತು ವರ್ಷವಾಯಿತು. ನಮ್ಮಲ್ಲಿ ಅದು ನೆನಪಾಗುವುದು ಸದ್ದು ಬೇರೆಯವರ ದೇವರದ್ದಾದಾಗ ಮಾತ್ರ. 2022ರಲ್ಲಿ ರಾಜ್ಯವೆಲ್ಲ ಡೆಸಿಬೆಲ್ ಪಂಡಿತರಿಂದ ತುಂಬಿಹೋಗಿತ್ತು. ಮೈಕಿಗೆ ಅನುಮತಿ ಕಡ್ಡಾಯ ಎಂದು ಮೇ ತಿಂಗಳಲ್ಲಿ ಸರ್ಕಾರಿ ಆದೇಶವೂ ಬಂತು. ಅವರ ಮೈಕು ಶಬ್ದ ಮಾಲಿನ್ಯ, ನಮ್ಮ ಮೈಕು ಭಕ್ತಿ. ಅವರ ಮೆರವಣಿಗೆ ಗಲಾಟೆ, ನಮ್ಮ ಡಿಜೆ ಸಂಸ್ಕೃತಿ. ಎರಡೂ ಕಡೆಯವರು ಇದನ್ನೇ ಹೇಳಿದರು, ಮೈಕಿನಲ್ಲಿ.

ದೂರು ಕೊಟ್ಟು ನೋಡಿ. ನಾನು ಕೊಟ್ಟಿದ್ದೇನೆ. ರಾತ್ರಿ ಹನ್ನೊಂದೂವರೆಗೆ ಪೆಂಡಾಲಿನ ಮುಂದೆ ಗಾಡಿ ಬಂದು ನಿಂತಿತು. ಸದ್ದು ನಿಂತಿತು. ಗಾಡಿ ಹೋಯಿತು. ಸದ್ದು ಬಂತು. ಬೆಳಿಗ್ಗೆ ಪೆಂಡಾಲಿನ ಹುಡುಗರು ಪ್ರಸಾದ ಹಿಡಿದು ನೇರವಾಗಿ ನನ್ನ ಬಾಗಿಲಿಗೇ ಬಂದರು. "ಅಂಕಲ್, ನಮಗೇ ಹೇಳ್ಬಹುದಿತ್ತಲ್ಲ, ಪೊಲೀಸ್ ಯಾಕೆ?" ಇಡೀ ಬೀದಿಯಲ್ಲಿ ನನ್ನ ಮನೆಯೇ ಅಂತ ಅವರಿಗೆ ಹೇಗೆ ಗೊತ್ತಾಯಿತು? ತಂತ್ರಜ್ಞಾನ. ಅದು ಬೇಕಾದ ಕಡೆ ಎಷ್ಟು ಚುರುಕು ನೋಡಿ.

ಇಷ್ಟರಲ್ಲಿ ಓದುಗರು ತಲೆದೂಗುತ್ತಿರಬಹುದು. ಹೌದು ಹೌದು, ಈ ಜನಕ್ಕೆ ಬುದ್ಧಿಯೇ ಇಲ್ಲ ಎಂದು. ನಿಲ್ಲಿ. 'ಈ ಜನ' ಯಾರು?

ವೈಟ್‌ಫೀಲ್ಡ್ ಕಡೆಯ ಮೆಟ್ರೋ ಹತ್ತಿ. ಕೊರಳಲ್ಲಿ ಐಡಿ ಕಾರ್ಡು. ಕಿವಿಯಲ್ಲಿ ಅದೇ ಮೂವತ್ತು ಸಾವಿರದ ಹೆಡ್‌ಫೋನು. ಬಾಯಲ್ಲಿ ಆಫೀಸಿನ ಕಾಲ್. ಹೆಡ್‌ಫೋನಿನ ಕೃಪೆಯಿಂದ ಈತನಿಗೆ ತನ್ನ ದನಿ ಎಷ್ಟು ಏರಿದೆ ಎಂದೇ ತಿಳಿಯುವುದಿಲ್ಲ. ಯಾವ ಗ್ರಾಹಕ ಸಿಟ್ಟಾಗಿದ್ದಾನೆ, ಯಾರಿಗೆ ಈ ಸಲ ಇನ್‌ಕ್ರಿಮೆಂಟ್ ಇಲ್ಲ, ಯಾವ ಸರ್ವರ್ ಬಿದ್ದಿದೆ, ಇಡೀ ಬೋಗಿಗೆ ಗೊತ್ತು. ಗಾರೆ ಕೆಲಸ ಮುಗಿಸಿ ಬರುವವನು ಚೀನೀ ಫೋನಿನಲ್ಲಿ ಹಳೆಯ ಹಾಡು ಹಾಕಿದರೆ ನ್ಯೂಸೆನ್ಸ್. ಈತ ಇಂದಿರಾನಗರದಿಂದ ಕಾಡುಗೋಡಿವರೆಗೆ ಕೂಗಿದರೆ ಉತ್ಪಾದಕತೆ. ಕಾಲ್ ಮುಗಿದ ಕೂಡಲೇ ಈತ ಪೋಸ್ಟ್ ಹಾಕುತ್ತಾನೆ, ಮೆಟ್ರೋದಲ್ಲಿ ಜನರ ನಾಗರಿಕ ಪ್ರಜ್ಞೆ ಕುಸಿಯುತ್ತಿದೆ ಎಂದು. ಫೋಟೋ ಸಮೇತ. ಗಾರೆ ಕೆಲಸದವನದ್ದು.

ಇದೇ ಮನುಷ್ಯ ಟೋಕಿಯೋಗೆ ಹೋದಾಗ ನೋಡಬೇಕು. ರೈಲು ಹತ್ತುವ ಮೊದಲೇ ಫೋನ್ ಸೈಲೆಂಟ್. ಹೆಂಡತಿ ಏನಾದರೂ ಕೇಳಿದರೆ ತುಟಿಯ ಮೇಲೆ ಬೆರಳು. ಅಲ್ಲಿ ಅವನ ಗಂಟಲಿಗೆ ಯಾವ ಯಂತ್ರವನ್ನೂ ಕಟ್ಟಿರುವುದಿಲ್ಲ. ಸುತ್ತಲಿನವರು ಸುಮ್ಮನೆ ಕೂತಿರುತ್ತಾರೆ, ಅಷ್ಟೆ. ವಾಪಸ್ ಬರುವಾಗ ವಿಮಾನದ ಗಾಲಿ ದೇವನಹಳ್ಳಿಯ ನೆಲ ಮುಟ್ಟುತ್ತದೆ. ವೇಗ ಇನ್ನೂ ಇಳಿದಿರುವುದಿಲ್ಲ. "ಹಲೋ! ಹ್ಞಾಂ, ಲ್ಯಾಂಡ್ ಆದ್ವಿ!" ಗಂಟಲು ತಾಯ್ನಾಡಿಗೆ ಮರಳಿತು.

ಅಂದ ಹಾಗೆ, ದೇಶದ ಹಲವು ವಿಮಾನ ನಿಲ್ದಾಣಗಳು ಈಗ 'ಸೈಲೆಂಟ್'. ಪ್ರಯಾಣಿಕರಿಗೆ ನೆಮ್ಮದಿ ಇರಲಿ ಎಂದು ಮೈಕಿನ ಘೋಷಣೆಗಳನ್ನು ಬಹುಪಾಲು ನಿಲ್ಲಿಸಿದ್ದಾರೆ. ಒಳ್ಳೆಯದಾಯಿತು. ಮೊದಲು ನಡುನಡುವೆ ಘೋಷಣೆ ಬಂದು ರೀಲ್ಸ್‌ಗೆ ಅಡ್ಡಿಯಾಗುತ್ತಿತ್ತು.

ಅಮೆರಿಕದ ಹಲವು ಆಮ್‌ಟ್ರ್ಯಾಕ್ ರೈಲುಗಳಲ್ಲಿ ಮೌನದ ಬೋಗಿ ಎಂದೇ ಒಂದಿರುತ್ತದೆ. ಫೋನಿನಲ್ಲಿ ಮಾತಾಡುವಂತಿಲ್ಲ, ಗಟ್ಟಿಯಾಗಿ ಹರಟುವಂತಿಲ್ಲ. 2015ರಲ್ಲಿ ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ ಅಲ್ಲಿ ಕೂತು ಫೋನಿನಲ್ಲಿ ಜೋರು ಮಾಡಿದರು. ಬೇರೆ ಬೋಗಿಗೆ ಹೋಗಬೇಕಾಯಿತು. ರಾಜ್ಯವೊಂದರ ಮುಖ್ಯಸ್ಥ! ಆ ಬೋಗಿಯಲ್ಲಿ ಜಾಮರ್ ಇಲ್ಲ, ಬಂದೂಕಿಲ್ಲ, ಡೆಸಿಬೆಲ್ ಮೀಟರಿಲ್ಲ. ಒಂದು ಬೋರ್ಡು ಇದೆ. ಬೋರ್ಡಿನ ಪರವಾಗಿ ನಿಲ್ಲುವ ಪ್ರಯಾಣಿಕರಿದ್ದಾರೆ.

ನಮ್ಮಲ್ಲಿ ಬೋರ್ಡಿಗೆ ಕೊರತೆಯೇ? ಗ್ರಂಥಾಲಯದಲ್ಲಿದೆ, ಆಸ್ಪತ್ರೆಯಲ್ಲಿದೆ. ಬೋರ್ಡಿನ ಕೆಳಗೆ ಕೂತವನು ನಂಬಿಕೆಯ ಮನುಷ್ಯ. ಅದು ಉಳಿದವರಿಗೆ ಹಾಕಿದ್ದು ಎಂದು ನಂಬಿರುತ್ತಾನೆ.

ಹಾಗಾಗಿ ಮುಂದೇನಾಗುತ್ತದೆ ಎಂದು ನಾನೇ ಹೇಳಿಬಿಡುತ್ತೇನೆ. ಮೌನ ಇನ್ನು ಮೇಲೆ ಟಿಕೆಟ್ಟಿನ ದರ್ಜೆಯಾಗುತ್ತದೆ. ಐರಾವತ, ಅಂಬಾರಿ, ಅಶ್ವಮೇಧ, ಪಲ್ಲಕ್ಕಿ ಎಂದೆಲ್ಲ ಹೆಸರಿಟ್ಟವರಿಗೆ ಇನ್ನೊಂದು ಹೆಸರು ಹೊಳೆಯದೆ ಇರುವುದಿಲ್ಲ. 'ಮೌನರಥ' ಅನ್ನಲಿ. ಟಿಕೆಟ್ಟಿಗೆ ಇನ್ನೂರೈವತ್ತು ಹೆಚ್ಚು. ಮೇಲೆ ಜಿಎಸ್‌ಟಿ. ಪ್ರತಿ ಸೀಟಿಗೂ ಡೆಸಿಬೆಲ್ ಸೆನ್ಸರ್. ಮಾತು ಏರಿದರೆ ಕೆಂಪು ದೀಪ. ವಿಧಾನಸೌಧದ ಮುಂದೆ ಹಸಿರು ಬಾವುಟದ ಉದ್ಘಾಟನೆ. ಮೌನದ ಮಹತ್ವದ ಬಗ್ಗೆ ಮೂವರು ಸಚಿವರ ಭಾಷಣ. ಎದುರಿಗೆ ಡೊಳ್ಳು, ನಗಾರಿ, ಪಟಾಕಿ.

ನಾನೂ ಒಂದು ಟಿಕೆಟ್ ಬುಕ್ ಮಾಡುತ್ತೇನೆ. ಬೇರೆ ದಾರಿ ಏನಿದೆ? ಬಸ್ಸು ಗೊರಗುಂಟೆಪಾಳ್ಯ ದಾಟುತ್ತದೆ. ದೀಪ ಆರಿಸುತ್ತಾರೆ. ಕಂಬಳಿ ಎಳೆದುಕೊಂಡು ಕಣ್ಣು ಮುಚ್ಚುತ್ತೇನೆ. ಆಗ ನನ್ನ ಪಕ್ಕದವರು ಮನೆಗೆ ಫೋನ್ ಹಚ್ಚುತ್ತಾರೆ.

"ಹಲೋ! ಹೊಸಾ ಬಸ್ಸು ಕಣೇ, ಮೌನರಥ! ಎಷ್ಟು ಸೈಲೆಂಟಾಗಿದೆ ಗೊತ್ತಾ? ಒಬ್ರೂ ಪಿಟಕ್ ಅಂತಿಲ್ಲ! ತಾಳು ತಾಳು, ವಿಡಿಯೋ ಕಾಲ್ ಮಾಡ್ತೀನಿ, ಎಲ್ಲಾರ್ನೂ ಕರಿ, ಸ್ಪೀಕರ್‌ಗೆ ಹಾಕು!"